ಬಾಕ್ಸ್ ಸತ್ತಿಲ್ಲ, ಅಡಾಪ್ಟರ್ ಸುಸ್ತಾಗಿದೆ

ಸೆಟ್‌ಟಾಪ್ ಬಾಕ್ಸ್ ಆನ್ ಆಗುತ್ತೆ, ಲೋಗೊ ಬರುತ್ತೆ, ಮತ್ತೆ ಕತ್ತಲೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಲೋಗೊ. ವೈಫೈ ರೂಟರ್ ಕೂಡ ಕೆಲವೊಮ್ಮೆ ಹೀಗೇ ಆಡುತ್ತೆ. ಆಗ ನಾವು ಬೈಯೋದು ಬಾಕ್ಸನ್ನ, ಇಲ್ಲಾಂದ್ರೆ ಕೇಬಲ್‌ನವರನ್ನ. ಗೋಡೆಗೆ ಸಿಕ್ಕಿಸಿರೋ ಪುಟ್ಟ ಕಪ್ಪು ಅಡಾಪ್ಟರ್ ಕಡೆ ಯಾರೂ ನೋಡಲ್ಲ.

ನಾನಿರೋದು ನಂದಿನಿ ಲೇಔಟ್‌ನಲ್ಲಿ. ಹೋದ ತಿಂಗಳು ಮೇಲಿನ ಮನೆ ಆಂಟಿ ಬಾಕ್ಸ್ ಹಿಡ್ಕೊಂಡು ಬಂದ್ರು. "ಅಂಗಡಿಯವ್ರು ಬಾಕ್ಸೇ ಹೋಗಿದೆ, ಹೊಸದು ತಗೊಳ್ಳಿ ಅಂತಾರಪ್ಪ. ಒಂದ್ ಸಲ ನೋಡ್ತೀಯಾ?" ಅವರದು ಪೆನ್ಷನ್ ಸಂಸಾರ. ಸಾವಿರಾರು ರೂಪಾಯಿ ಅಂದ್ರೆ ಆ ತಿಂಗಳ ಔಷಧಿ ದುಡ್ಡು. "ಅಡಾಪ್ಟರೂ ತನ್ನಿ ಆಂಟಿ" ಅಂದೆ.

ಮಲ್ಟಿಮೀಟರ್ ಇಟ್ಟೆ. 12 ವೋಲ್ಟ್ ಸರಿಯಾಗೇ ತೋರಿಸ್ತು. ಬಹಳ ಜನ ಮೋಸ ಹೋಗೋದು ಇಲ್ಲೇ. ನಲ್ಲಿ ಮುಚ್ಚಿದಾಗ ಪೈಪ್‌ನಲ್ಲಿ ಪ್ರೆಷರ್ ಚೆನ್ನಾಗೇ ಇರುತ್ತೆ, ತಿರುಗಿಸಿದ ಮೇಲೆ ತಾನೆ ಗೊತ್ತಾಗೋದು? ಬಾಕ್ಸಿನ ಮುಚ್ಚಳ ತೆಗೆದು, ಅಡಾಪ್ಟರ್ ಪಿನ್ ಚುಚ್ಚೋ ಜ್ಯಾಕ್‌ನ ಬುಡದಲ್ಲಿ ಪ್ರೋಬ್ ಹಿಡಿದು ಆನ್ ಮಾಡಿದೆ. ಬಾಕ್ಸ್ ಕರೆಂಟ್ ಎಳೆಯೋಕೆ ಶುರು ಮಾಡಿದ ತಕ್ಷಣ 12 ಇದ್ದದ್ದು 8ರ ಹತ್ತಿರ ಇಳೀತು. ಬಾಕ್ಸ್ ರೀಸ್ಟಾರ್ಟ್ ಆಗದೆ ಇನ್ನೇನು ಮಾಡುತ್ತೆ?

ಒಳಗೆ ಆಗೋದು ಇಷ್ಟು. ಗೋಡೆಯ 230 ವೋಲ್ಟ್ ಎಸಿ ಮೊದಲು ಸುಮಾರು 325 ವೋಲ್ಟ್ ಡಿಸಿ ಆಗುತ್ತೆ. ಅದನ್ನ ಒಂದು ಚಿಪ್ ಸೆಕೆಂಡಿಗೆ ಹತ್ತಾರು ಸಾವಿರ ಸಲ ಆನ್-ಆಫ್ ಮಾಡಿ ಪುಟಾಣಿ ಟ್ರಾನ್ಸ್‌ಫಾರ್ಮರ್‌ಗೆ ಕೊಡುತ್ತೆ. ಆಚೆ ಬದಿ ಬರೋ 12 ವೋಲ್ಟ್‌ನ ಏರಿಳಿತವನ್ನ ಸಮ ಮಾಡೋದು ಕೆಪಾಸಿಟರ್. ಅದರೊಳಗೆ ಒಂದು ದ್ರವ ಇರುತ್ತೆ. ಬಿಸಿಗೆ ಅದು ವರ್ಷಗಟ್ಟಲೆ ನಿಧಾನಕ್ಕೆ ಆರಿಹೋಗುತ್ತೆ. 10 ಡಿಗ್ರಿ ಬಿಸಿ ಹೆಚ್ಚಾದ್ರೆ ಆಯಸ್ಸು ಹೆಚ್ಚುಕಮ್ಮಿ ಅರ್ಧ ಆಗುತ್ತೆ ಅನ್ನೋದು ಎಲೆಕ್ಟ್ರಾನಿಕ್ಸ್‌ನವರ ಲೆಕ್ಕ. ನಾವೋ, ಟಿವಿ ಹಿಂದೆ ಧೂಳಲ್ಲಿ ಅಡಾಪ್ಟರ್ ತುರುಕಿ, ಬಾಕ್ಸ್ ಮೇಲೆ ಕ್ರೋಶಾ ಬಟ್ಟೆ ಬೇರೆ ಹೊದಿಸಿರ್ತೀವಿ!

ನಮ್ಮನೇಲಿ ಇದ್ದ ಇನ್ನೊಂದು 12 ವೋಲ್ಟ್ ಅಡಾಪ್ಟರ್ ಹಾಕಿದೆ. ಸೀರಿಯಲ್ ಬಂತು. ಹೊಸ ಅಡಾಪ್ಟರ್‌ಗೆ ಕೊಟ್ಟಿದ್ದು 180 ರೂಪಾಯಿ. ನೀವೂ ಹೀಗೆ ಬದಲಿಸಿ ನೋಡಬಹುದು, ಆದ್ರೆ ಲೇಬಲ್ ಓದಿ: ವೋಲ್ಟ್ ಅಷ್ಟೇ ಇರಬೇಕು. ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಲಿ, ಕಡಿಮೆ ಬೇಡ. ಪಿನ್ನಿನ ಪ್ಲಸ್-ಮೈನಸ್ ಚಿತ್ರವೂ ಹೊಂದಬೇಕು.

ಹಳೇ ಅಡಾಪ್ಟರ್ ಬಿಚ್ಚಿದಾಗ 1000 ಮೈಕ್ರೊಫ್ಯಾರಡ್, 16 ವೋಲ್ಟ್‌ನ ಕೆಪಾಸಿಟರ್ ತಲೆ ಪೂರಿ ಥರ ಉಬ್ಬಿತ್ತು. ಅಂಥದ್ದು ಎಸ್‌.ಪಿ. ರೋಡ್‌ನಲ್ಲಿ ಕೆಲವೇ ರೂಪಾಯಿ. ಗೊರಗುಂಟೆಪಾಳ್ಯದಲ್ಲಿ ಮೆಟ್ರೊ ಹತ್ತಿ ಚಿಕ್ಕಪೇಟೆಲಿ ಇಳಿದ್ರೆ ಅಲ್ಲಿಂದ ನಡೆದೇ ಹೋಗಬಹುದು.

ಆದ್ರೆ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ನಾನು ಸೋಲ್ಡರಿಂಗ್ ಕಲಿತವನು, ಅದಕ್ಕೆ ಅಡಾಪ್ಟರ್ ಬಿಚ್ಚಿದೆ. ವಿಡಿಯೊ ನೋಡ್ಕೊಂಡು ನೀವು ಬಿಚ್ಚಬೇಡಿ. ಬಾಕ್ಸಿಗೆ ಅಡಾಪ್ಟರ್ ಹೊರಗಿದ್ರೆ ಒಳಗೆ ಬರೋದು 12 ವೋಲ್ಟ್ ಮಾತ್ರ, ಜೀವಕ್ಕೆ ಭಯ ಇಲ್ಲ. ಅಡಾಪ್ಟರ್ ಒಳಗೆ, ಟಿವಿ ಒಳಗೆ ಹಾಗಲ್ಲ. ಅಲ್ಲಿ ಆ 325 ವೋಲ್ಟ್ ಹಿಡಿದಿಟ್ಟ ದೊಡ್ಡ ಕೆಪಾಸಿಟರ್ ಇರುತ್ತೆ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಚಾರ್ಜ್ ಉಳಿದಿರಬಹುದು, ಅದು ಜೀವ ತೆಗೆಯಬಲ್ಲದು. ಕೆಲಸ ಗೊತ್ತಿರೋ ಮೆಕ್ಯಾನಿಕ್ ಮೊದಲು ರೆಸಿಸ್ಟರ್ ಅಥವಾ ಬಲ್ಬ್ ಹಿಡಿದು ಅದನ್ನ ಖಾಲಿ ಮಾಡ್ತಾರೆ, ಮೀಟರ್‌ನಲ್ಲಿ ನೋಡ್ಕೊಂಡೇ ಕೈ ಹಾಕ್ತಾರೆ.

ಟಿವಿ ಆದ್ರೆ ಅಂಗಡಿಗೇ ಕೊಡಿ. "ಬೋರ್ಡ್ ಹೋಗಿದೆ" ಅಂದ್ರೆ, "ಪವರ್ ಸಪ್ಲೈ ಬೋರ್ಡಾ, ಮದರ್‌ಬೋರ್ಡಾ ಅಣ್ಣ?" ಅಂತ ಕೇಳಿ. ಕೆಪಾಸಿಟರ್ ಬದಲಾಯಿಸಿದ್ರೆ 105 ಡಿಗ್ರಿಯದ್ದು ಹಾಕಿದ್ರಾ, 85ದಾ ಅಂತಾನೂ ಕೇಳಿ. ಡಿಗ್ರಿ ಅದರ ಮೈಮೇಲೇ ಬರೆದಿರುತ್ತೆ. ತೆಗೆದ ಹಳೇ ಪಾರ್ಟ್ ಕೈಗೆ ಇಸ್ಕೊಂಡು ಬನ್ನಿ.