ಸಂತ ಲಾರೆನ್ಸರ ಭಂಡಾರ
(ಆಗಸ್ಟ್ 10, ಸಂತ ಲಾರೆನ್ಸರ ಹಬ್ಬದ ಪ್ರಬೋಧನೆ)



ಇಂದಿನ ಎರಡೂ ವಾಚನಗಳು ಬಿತ್ತನೆಯ ಮಾತನ್ನೇ ಆಡುತ್ತವೆ. ಕೈಬಿಗಿದು ಬಿತ್ತಿದವನ ಕಣವೂ ಬಡವಾಗುತ್ತದೆ ಎನ್ನುತ್ತಾರೆ ಸಂತ ಪೌಲರು. ಮಣ್ಣಿಗೆ ಬಿದ್ದು ಸಾಯದ ಕಾಳು ಒಂಟಿಯಾಗಿಯೇ ಉಳಿಯುತ್ತದೆ ಎನ್ನುತ್ತಾರೆ ಪ್ರಭು ಯೇಸು. ಕಮಲನಗರದ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೊಗರಿ, ಸೋಯಾ ಬಿತ್ತಿ ಆಕಾಶ ನೋಡುತ್ತ ಕುಳಿತವರು ನೀವು. ಹೆಸರು ಕೊಯ್ಯುವ ಹೊತ್ತಿಗೆ ಮಳೆ ಹಿಡಿದರೆ ಕಾಳು ಕಾಯಿಯಲ್ಲೇ ಮೊಳಕೆಯೊಡೆಯುವುದನ್ನು ಕಂಡವರು. ಬೀಜಕ್ಕೆಂದು ಎತ್ತಿಟ್ಟ ಕಾಳನ್ನು, ಮನೆಯಲ್ಲಿ ಹಸಿವಿದ್ದರೂ, ಮುಟ್ಟದವರು.

ಸಂತ ಲಾರೆನ್ಸರು ರೋಮ್ ನಗರದ ಧರ್ಮಸಭೆಯಲ್ಲಿ ಡೀಕನ್ ಆಗಿದ್ದರು. ದಾನದ ಹಣ, ಬಡವರ ಊಟ, ವಿಧವೆಯರ ಲೆಕ್ಕ, ಎಲ್ಲ ಅವರ ಕೈಯಲ್ಲಿ. ಕ್ರಿ.ಶ. 258ರಲ್ಲಿ ಚಕ್ರವರ್ತಿ ವಲೇರಿಯನ್ ಹಿಂಸೆಯನ್ನು ತೀವ್ರಗೊಳಿಸಿದಾಗ ಜಗದ್ಗುರು ಎರಡನೇ ಸಿಕ್ಸ್ಟಸ್‌ರನ್ನು ಆಗಸ್ಟ್ 6ರಂದು ಕೊಂದರು; ನಾಲ್ಕನೆಯ ದಿನ ಲಾರೆನ್ಸರ ಸರದಿ. ನಡುವೆ ನಡೆದದ್ದನ್ನು ಮುಂದೆ ಸಂತ ಅಂಬ್ರೋಸರು ಬರೆದಿಟ್ಟಿದ್ದಾರೆ. ಧರ್ಮಸಭೆಯ ಭಂಡಾರವನ್ನು ಒಪ್ಪಿಸೆಂದು ಅಧಿಕಾರಿಗಳು ಕೇಳಿದರು. ಲಾರೆನ್ಸರು ಸಮಯ ಕೇಳಿಕೊಂಡು, ಊರಿನ ಬಡವರನ್ನೆಲ್ಲ ಕರೆತಂದು ನಿಲ್ಲಿಸಿ, ಭಂಡಾರ ಇದೇ ಎಂದರು. ಇದನ್ನು ಚಮತ್ಕಾರದ ಉತ್ತರವೆಂದು ಹೊಗಳುವವರಿದ್ದಾರೆ. ನಮಗೆ ಹಾಗೆ ಅನಿಸುವುದಿಲ್ಲ. ಲೆಕ್ಕಪತ್ರ ಇಟ್ಟವರು ನಿಜವಾದ ಲೆಕ್ಕವನ್ನೇ ಒಪ್ಪಿಸಿದರು.

ಜನವರಿಯಲ್ಲಿ ನಾವು, ಈ ಧರ್ಮಕೇಂದ್ರದ ಕೆಲವು ಕುಟುಂಬಗಳವರು, ಈ ಸಂತರ ಅತ್ತೂರಿಗೆ ಹೋಗಿಬಂದದ್ದು ನಿಮಗೆ ಗೊತ್ತಿದೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ರೈಲಿನಲ್ಲಿ ಬೆಂಗಳೂರು, ಅಲ್ಲಿಂದ ರಾತ್ರಿ ಬಸ್ಸಿನಲ್ಲಿ ಘಟ್ಟ ಇಳಿದು ಕಾರ್ಕಳ. ಬೆಟ್ಟದ ಮೇಲೆ 1432ರಲ್ಲಿ ನಿಲ್ಲಿಸಿದ 42 ಅಡಿಯ ಗೊಮ್ಮಟನನ್ನು ಕಂಡು ನಮ್ಮ ಮಕ್ಕಳು ಬಸ್ಸಿನ ಕಿಟಕಿ ಬಿಡಲಿಲ್ಲ. ಅತ್ತೂರು ಪರ್ಪಲೆ ಗುಡ್ಡದ ಬುಡದ ಸಣ್ಣ ಹಳ್ಳಿ. ನೆಲ ಮಾತ್ರ ನಮಗೆ ಪರಿಚಿತ: ಬೀದರ ಕೋಟೆಗೆ ಬಳಸಿದ ಅದೇ ಕೆಂಪು ಜಂಬಿಟ್ಟಿಗೆ.

ಅಲ್ಲಿ 1759ರಲ್ಲಿ ಧರ್ಮಕೇಂದ್ರ ಆರಂಭವಾಯಿತು. 1784ರಲ್ಲಿ ಟಿಪ್ಪು ಸುಲ್ತಾನರ ಆಳ್ವಿಕೆಯಲ್ಲಿ ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. ಬಹಳ ಮಂದಿ ದಾರಿಯಲ್ಲೂ ಸೆರೆಯಲ್ಲೂ ತೀರಿಕೊಂಡರು. 1799ರ ನಂತರ ಮರಳಿದವರು ಮತ್ತೆ ಮೊದಲಿಂದ ಕಟ್ಟಿದರು. ಗುಡಿಗೆ ಜಾಗ ಹುಡುಕುತ್ತಿದ್ದ ಗುರುಗಳೊಬ್ಬರು ಸಂತರ ಪುಟ್ಟ ಮರದ ಪ್ರತಿಮೆಯನ್ನು ಹೊತ್ತು ಬಂದು, ಗುಡ್ಡದ ಬುಡದ ಒರತೆಯ ಬಳಿ ದಣಿವಾರಿಸಿಕೊಳ್ಳಲು ನೆಲಕ್ಕಿಟ್ಟರಂತೆ. ಮತ್ತೆ ಎತ್ತಹೋದರೆ ಅದು ಕದಲಲಿಲ್ಲ, ಅಲ್ಲೇ ಗುಡಿ ಎದ್ದಿತು ಎಂಬುದು ಆ ಊರಿನ ಪರಂಪರೆ. 2016ರಲ್ಲಿ ಅದು ಬಸಿಲಿಕವಾಯಿತು. ಜನ ಅದನ್ನು ಈಗಲೂ ಸಾಂತ್‌ಮಾರಿ ಜಾತ್ರೆ ಎಂದೇ ಕರೆಯುತ್ತಾರೆ. ಹಿಂದೂ, ಮುಸ್ಲಿಂ, ಜೈನರೂ ಬಂದು ಮೇಣದಬತ್ತಿ ಹಚ್ಚುತ್ತಾರೆ.

ಕೊಂಕಣಿ ಬಲಿಪೂಜೆಯಲ್ಲಿ ನಮ್ಮವರಿಗೆ ಒಂದು ಮಾತೂ ಹತ್ತಲಿಲ್ಲ. ಕನ್ನಡದ ಪೂಜೆಗೆ ಕಾದು ಕುಳಿತೆವು. ಆಗ ನಮಗೆ ಫ್ರಾನ್ಸಿನ ಲಾ ಸಲೆತ್ ನೆನಪಾಯಿತು. ಅದೂ ಬೆಟ್ಟದ ಸಣ್ಣ ಹಳ್ಳಿಯೇ. ಅಲ್ಲಿ 1846ರ ಸೆಪ್ಟೆಂಬರ್ 19ರಂದು ಸುಮಾರು 1,800 ಮೀಟರ್ ಎತ್ತರದಲ್ಲಿ ದನ ಕಾಯುತ್ತಿದ್ದ ಮೆಲಾನಿ, ಮಾಕ್ಸಿಮೆನ್ ಎಂಬ ಇಬ್ಬರು ಮಕ್ಕಳಿಗೆ ಮಾತೆ ಮರಿಯಮ್ಮನವರು ಅಳುತ್ತ ಕಾಣಿಸಿಕೊಂಡರು. ಮೊದಲು ಫ್ರೆಂಚಿನಲ್ಲಿ ಮಾತಾಡಿ, ಮಕ್ಕಳಿಗೆ ತಿಳಿಯಲಿಲ್ಲವೆಂದು ಕಂಡು, ಅವರ ಮನೆಯ ಆಡುಮಾತಿಗೆ ಇಳಿದರು. ಮಾತು ಗೋಧಿ ಮತ್ತು ಆಲೂಗಡ್ಡೆ ಕೊಳೆಯುವುದರ ಬಗ್ಗೆ. ಮರಾಠಿ, ಉರ್ದು, ತೆಲುಗು ಬೆರೆತ ನಮ್ಮ ಕನ್ನಡವನ್ನು ಕೇಳಿ ಬೇರೆ ಊರವರು ನಕ್ಕಾಗ ನಮ್ಮ ಮಕ್ಕಳು ನಾಚಿಕೊಳ್ಳುತ್ತಾರಲ್ಲ, ಅವರಿಗೆ ಈ ಸಂಗತಿ ಹೇಳಿ.

ಗುಡಿಯಿಂದ ಇಳಿಯುವ ರಸ್ತೆಯ ಬದಿಗೆ ಭಿಕ್ಷುಕರ ಉದ್ದನೆಯ ಸಾಲು. ನಮ್ಮ ಅಜ್ಜಿಯೊಬ್ಬರು ಚಿಲ್ಲರೆ ಹಾಕುತ್ತ ಹೋಗುತ್ತಿದ್ದವರು ಗಕ್ಕನೆ ನಿಂತರು. ಸಾಲಿನಲ್ಲಿ ಕುಳಿತ ಮುದುಕಿ ಹರಸಿದ ಮಾತು ನಮ್ಮ ಕಡೆಯದು.

“ಯಾ ಊರಕಿ ಯವ್ವಾ ನೀ?”

“ಭಾಲ್ಕಿ ಕಡೀಕೀನೇ.”

“ಮಕ್ಕಳು?”

“ಮಗ ಪುಣೆದಾಗ ಹಾನ. ಬರ್ತೀನಿ ಅಂದಾನ.”

ಯಾವಾಗ ಅಂದಿದ್ದು ಎಂದು ಅಜ್ಜಿ ಕೇಳಲಿಲ್ಲ. ಪಕ್ಕದಲ್ಲೇ ನೆಲಕ್ಕೆ ಕುಳಿತು, ಗಂಟು ಬಿಚ್ಚಿ, ಉಳಿದಿದ್ದ ಒಣರೊಟ್ಟಿಯನ್ನು ಇಬ್ಬರೂ ಹಂಚಿಕೊಂಡು ತಿಂದರು. ನಮ್ಮ ಜೊತೆ ಬರುತ್ತೀಯಾ ಎಂದು ಕರೆದೆವು. “ಮಗ ಬಂದ್ರ ಎಲ್ಲಿ ಹುಡುಕಬೇಕು?” ಎಂದಳು ಆಕೆ, ಆ ಗುಡ್ಡದ ಬುಡವೇ ತನ್ನ ಮನೆಯೆಂಬಂತೆ.

ಪ್ರಿಯರೇ, ಹಬ್ಬದ ವಂತಿಗೆಯಿಂದ ಗುಡಿಯ ಮುಂದೆ ಕಮಾನು ಕಟ್ಟಿಸೋಣ ಎಂದು ನಿಮ್ಮಲ್ಲಿ ಅನೇಕರಿಗೆ ಆಸೆ ಇದೆ. ತಪ್ಪಲ್ಲ. ನಮ್ಮ ಭಾಗದಲ್ಲಿ ಕ್ರೈಸ್ತರೆಂದರೆ ಮೆಥೊಡಿಸ್ಟ್ ಸಹೋದರರೇ ಹೆಚ್ಚು. ನಾವೂ ಇದ್ದೇವೆ ಎಂದು ರಸ್ತೆಯಿಂದಲೇ ಕಾಣಲಿ ಎಂಬ ಆಸೆ ಸಹಜ. ಆದರೆ ನಮ್ಮ ಓಣಿಗಳಲ್ಲೇ, ಮಕ್ಕಳು ಹೈದರಾಬಾದು, ಪುಣೆಗೆ ದುಡಿಯಲು ಹೋಗಿ, ಒಂದು ಹೊತ್ತು ಒಲೆ ಹಚ್ಚಿ ಎರಡು ಹೊತ್ತು ಉಣ್ಣುವ ಹಿರಿಯರಿದ್ದಾರೆ. ಹೋದ ಮಕ್ಕಳನ್ನು ನಾವು ದೂರುವುದಿಲ್ಲ. ಬಿತ್ತಿದ್ದು ಬಾರದಿದ್ದಾಗ ಹೋಗದೆ ಏನು ಮಾಡಿಯಾರು? ಆದರೆ ಹಿಂದೆ ಉಳಿದವರ ಪಟ್ಟಿ ನಮ್ಮ ಧರ್ಮಕೇಂದ್ರದ ಯಾವ ಪುಸ್ತಕದಲ್ಲೂ ಇಲ್ಲ.

ಈ ಭಾನುವಾರ ಬಲಿಪೂಜೆಯ ನಂತರ ಸಭೆ ಇದೆ. ವಂತಿಗೆ ಪುಸ್ತಕದ ಪಕ್ಕದಲ್ಲಿ ಒಂದು ಹೊಸ ನೋಟ್‌ಬುಕ್ ಇಟ್ಟಿರುತ್ತೇವೆ. ಒಬ್ಬೊಬ್ಬರೇ ಇರುವ ನಿಮ್ಮ ಓಣಿಯ ಹಿರಿಯರ ಹೆಸರು, ಅವರ ಮನೆಗೆ ಯಾವ ದಿನ ಯಾರು ಊಟ ಒಯ್ಯುತ್ತೀರಿ ಎಂಬುದನ್ನು ಬರೆಯಿರಿ. ಜಾತಿ, ಪಂಗಡ ನೋಡಬೇಡಿ. ಕಮಾನಿನ ಮಾತನ್ನು ಆ ಪುಟಗಳನ್ನು ಓದಿದ ಮೇಲೆ ಎತ್ತಿಕೊಳ್ಳೋಣ. ಅತ್ತೂರಿಗೆ ಬಂದಿದ್ದ ನಮ್ಮ ಅಜ್ಜಿ ನಿನ್ನೆಯೇ ಬಂದು ಎರಡು ಹೆಸರು ಬರೆಸಿ ಹೋಗಿದ್ದಾರೆ.