ಅಂಕ ಕಡಿಮೆಯಾದರೆ ದಂತವೈದ್ಯದ ಆಸೆ ಬಿಡಬೇಕೆ?



ಹನ್ನೆರಡನೆಯ ತರಗತಿಯಲ್ಲಿ ಅಂಕ ಕಡಿಮೆ ಬಂತೆಂದು ದಂತವೈದ್ಯರಾಗುವ ಆಸೆಯನ್ನೇ ಕೈಬಿಡುವ ಮಕ್ಕಳು ನಮ್ಮ ಚಾಳುಗಳಲ್ಲಿದ್ದಾರೆ. ಅವರ ಹಿರಿಯರಿಗೆ ನಾವು ಹೇಳುವುದಿಷ್ಟೆ: ಆ ಅಂಕ ಬರಿಯ ಹೊಸ್ತಿಲು. ಭೌತ, ರಸಾಯನ, ಜೀವಶಾಸ್ತ್ರ ಮೂರೂ ಸೇರಿ ಸಾಮಾನ್ಯ ವರ್ಗದವರಿಗೆ ನೂರಕ್ಕೆ 50, ಪರಿಶಿಷ್ಟ ಮತ್ತು ಇತರ ಹಿಂದುಳಿದ ವರ್ಗದವರಿಗೆ 40 ಇದ್ದರೆ ಸಾಕು. ಅಷ್ಟೂ ಇಲ್ಲದವರು ಮತ್ತೆ ಪರೀಕ್ಷೆಗೆ ಕುಳಿತು ಹೆಚ್ಚಿಸಿಕೊಳ್ಳಬಹುದು. ಹೊಸ್ತಿಲು ದಾಟಿದ ಮೇಲೆ 52 ಬಂದವರೂ 92 ಬಂದವರೂ ಒಂದೇ ಸಾಲು. ಬಿ.ಡಿ.ಎಸ್. ಸೀಟು ಹಂಚುವುದು ನೀಟ್ ಪರೀಕ್ಷೆಯ ಶ್ರೇಣಿಯ ಮೇಲೆ.

ಆ ಪರೀಕ್ಷೆಯ 720 ಅಂಕಗಳಲ್ಲಿ ಜೀವಶಾಸ್ತ್ರಕ್ಕೇ 360. ಸರಿಯುತ್ತರಕ್ಕೆ 4 ಅಂಕ. ತಪ್ಪಿಗೆ 1 ಕಳೆಯುತ್ತಾರೆ. ಆದ್ದರಿಂದ ಜೀವಶಾಸ್ತ್ರವನ್ನು ಮೊದಲು ಗಟ್ಟಿಮಾಡಿಕೊಳ್ಳಲಿ. ತಿಳಿಯದ ಪ್ರಶ್ನೆಗೆ ಸುಮ್ಮನೆ ಗುರುತು ಹಾಕದಿರಲಿ.

‘ನೀಟ್ ಬೇಡ, ಹಣ ತನ್ನಿ’ ಎನ್ನುವ ದಲ್ಲಾಳಿಗಳನ್ನು ದಯವಿಟ್ಟು ನಂಬಬೇಡಿ. ಖಾಸಗಿ ಕಾಲೇಜಿಗೂ ನೀಟ್ ಅರ್ಹತೆ ಬೇಕೇ ಬೇಕು. ಬೆವರು ಸುರಿಸಿ ಕೂಡಿಸಿದ ಪ್ರಾವಿಡೆಂಟ್ ಫಂಡಿನ ಹಣ ಅಂಥವರ ಪಾಲಾಗಬಾರದು. ಆ ಪರೀಕ್ಷೆಯನ್ನು ಎಷ್ಟು ಸಲವಾದರೂ ಬರೆಯಬಹುದು. ಮಕ್ಕಳಿಗೆ ಇನ್ನೊಂದು ವರ್ಷ ಕೊಡಿ. ಖೋಲಿಯಲ್ಲಿ ಓದಲು ಜಾಗವಿಲ್ಲದಿದ್ದರೆ ನಮ್ಮ ವಾಚನಾಲಯದ ಮೇಜು ಇದ್ದೇ ಇದೆ.