ಮೈಸೂರು ಎಂಬ ಯುದ್ಧನೌಕೆ



ಕೋಲಾರ ಸೀಮೆಗೂ ಸಮುದ್ರಕ್ಕೂ ಏನು ನಂಟು ಎಂದು ಯಾರಾದರೂ ಕೇಳಿದರೆ ತಪ್ಪಿಲ್ಲ. ಮುಳಬಾಗಿಲಿನಿಂದ ಹೊರಟರೂ ಸರಿ, ಶ್ರೀನಿವಾಸಪುರದಿಂದ ಹೊರಟರೂ ಸರಿ, ಕಡಲು ಕಾಣಬೇಕಾದರೆ ಚೆನ್ನೈ ಕಡೆಗೆ ಹೋಗಬೇಕು. ಮಾಲೂರಿನ ಮಣ್ಣು ಹೆಸರಾದದ್ದು ಹೆಂಚಿಗೆ, ಇಟ್ಟಿಗೆಗೆ. ಪಾಲಾರ್ ನದಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆಂದು ಶಾಲೆಯ ಪಾಠ ಹೇಳುತ್ತದೆ. ಅದರಲ್ಲಿ ನೀರು ಹರಿದದ್ದನ್ನು ಕಂಡವರು ಕಡಿಮೆ. ಆದರೆ ಈ ನಾಲ್ಕು ತಾಲ್ಲೂಕುಗಳು ಯಾವ ಸಂಸ್ಥಾನಕ್ಕೆ, ಅನಂತರ ಯಾವ ರಾಜ್ಯಕ್ಕೆ ಕಂದಾಯ ಕಟ್ಟಿದವೋ ಅದರ ಹೆಸರನ್ನು ಹೊತ್ತ ಯುದ್ಧನೌಕೆಯೊಂದು ಮೂರು ಯುದ್ಧಗಳನ್ನು ಕಂಡಿತು. ಅದೇ ಐಎನ್‌ಎಸ್ ಮೈಸೂರು.

ಹೆಸರಿನಲ್ಲೇ ಒಂದು ಸ್ವಾರಸ್ಯವಿದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಕರಾವಳಿ ಬ್ರಿಟಿಷರ ಪಾಲಾಯಿತು. ಅಂದಿನಿಂದ ಮೈಸೂರಿಗೆ ಸಮುದ್ರವೇ ಇರಲಿಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಕಾರವಾರ, ಮಂಗಳೂರುಗಳ ಕಡೆಯ ತೀರ ಮತ್ತೆ ಕೂಡಿಕೊಂಡಿತು. ಮುಂದೆ ಹತ್ತೇ ತಿಂಗಳಿಗೆ, 1957ರ ಆಗಸ್ಟ್ 29ರಂದು, ಇಂಗ್ಲೆಂಡಿನ ಬರ್ಕನ್‌ಹೆಡ್‌ನಲ್ಲಿ ಈ ಹಡಗು ಭಾರತದ ಧ್ವಜವೇರಿಸಿತು. ಕಡಲು ಸಿಕ್ಕಿದ ಮರುವರ್ಷವೇ ಹಡಗೂ ಸಿಕ್ಕಿತೆನ್ನಬೇಕು!

ಅದು ಹೊಸ ಹಡಗೇನಲ್ಲ. ಅದರ ಮೊದಲ ಹೆಸರು ನೈಜೀರಿಯಾ. ಬ್ರಿಟಿಷ್ ನೌಕಾಪಡೆಗೆ 1940ರಲ್ಲಿ ಸೇರಿದ ಕ್ರೂಸರ್. ಕ್ರೂಸರ್ ಎಂದರೆ ದೊಡ್ಡ ಫಿರಂಗಿಗಳ ಹಡಗು. ಅದರ ಅಕ್ಕಪಕ್ಕ ಕಾವಲಿಗೆ ಓಡಾಡುವ ಚುರುಕು ಹಡಗು ಡಿಸ್ಟ್ರಾಯರ್. ಟಾರ್ಪೆಡೊ ದೋಣಿಗಳನ್ನು ನಾಶಮಾಡಲೆಂದು ಹುಟ್ಟಿದ್ದರಿಂದ ಅದಕ್ಕೆ ಆ ಹೆಸರು. 1941ರ ಜೂನ್‌ನಲ್ಲಿ ನೈಜೀರಿಯಾ ಮೂರು ಡಿಸ್ಟ್ರಾಯರುಗಳ ಜೊತೆ ಉತ್ತರ ಸಮುದ್ರದ ಆಚೆ ಹೋಗಿ ಲಾವೆನ್‌ಬರ್ಗ್ ಎಂಬ ಜರ್ಮನ್ ಹವಾಮಾನ ನೌಕೆಯನ್ನು ಬೇಟೆಯಾಡಿತು. ಬೇಕಾಗಿದ್ದುದು ಹಡಗಲ್ಲ, ಅದರೊಳಗಿನ ಕಾಗದ. ಜರ್ಮನರ ಗೂಢಲಿಪಿಯನ್ನು ಬಿಡಿಸಲು ಆ ಕಾಗದಗಳು ನೆರವಾದವು.

ಮರುವರ್ಷದ ಆಗಸ್ಟ್‌ನಲ್ಲಿ ಮಾಲ್ಟಾ ದ್ವೀಪ ಹಸಿವಿನ ಅಂಚಿನಲ್ಲಿತ್ತು. ಹದಿನಾಲ್ಕು ಸರಕುನೌಕೆಗಳ ಸಾಲಿಗೆ ನೈಜೀರಿಯಾ ಬೆಂಗಾವಲು. ಇಟಲಿಯ ಆಕ್ಸಮ್ ಜಲಾಂತರ್ಗಾಮಿ ಒಮ್ಮೆಗೇ ಬಿಟ್ಟ ಟಾರ್ಪೆಡೊಗಳು ಮೂರು ಹಡಗುಗಳಿಗೆ ಬಡಿದವು. ಅದರಲ್ಲಿ ನೈಜೀರಿಯಾ ಒಂದು. 52 ಮಂದಿ ಸತ್ತರು. ಅಡ್ಮಿರಲ್ ಬರೊ ಅಶಾಂತಿ ಎಂಬ ಡಿಸ್ಟ್ರಾಯರಿಗೆ ದಾಟಿಕೊಂಡು ಮುಂದೆ ನಡೆದರು. ಗಾಯಗೊಂಡ ಹಡಗು ಜಿಬ್ರಾಲ್ಟರಿಗೆ ಹಿಂದಿರುಗಿ, ಅಲ್ಲಿಂದ ಅಮೆರಿಕಕ್ಕೆ ಹೋಗಿ ತಿಂಗಳುಗಟ್ಟಲೆ ರಿಪೇರಿಯಾಯಿತು. ಹದಿನಾಲ್ಕರಲ್ಲಿ ಮಾಲ್ಟಾ ಮುಟ್ಟಿದ ಸರಕುನೌಕೆಗಳು ಐದು. ಭಾರತ ಕೊಂಡದ್ದು ಇಂಥ ಹಡಗನ್ನು.

ಅದರ ಭಾರತೀಯ ಸೇವೆಯಲ್ಲಿ ಕನ್ನಡಿಗರು ಹೆಚ್ಚು ನೆನೆಯಬೇಕಾದದ್ದು ಅಂಜದೀವ. ಕಾರವಾರದ ದಡದಿಂದ ಕಣ್ಣಳತೆಯಲ್ಲೇ ಇರುವ ಈ ಪುಟ್ಟ ದ್ವೀಪದಲ್ಲಿ 1498ರಲ್ಲೇ ವಾಸ್ಕೋ ಡ ಗಾಮಾ ತಂಗಿದ್ದ. ಬ್ರಿಟಿಷರು ಹೋದ ಮೇಲೂ ಅದು ಪೋರ್ಚುಗೀಸರ ಕೈಯಲ್ಲೇ ಉಳಿಯಿತು. 1961ರ ನವೆಂಬರ್‌ನಲ್ಲಿ ಅಲ್ಲಿಂದ ಸಾಬರಮತಿ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿತು. ಕೆಲವೇ ದಿನಗಳಲ್ಲಿ ಒಬ್ಬ ಬೆಸ್ತ ಗುಂಡಿಗೆ ಬಲಿಯಾದ. ಕರಾವಳಿ ಕುದಿಯಿತು. ಡಿಸೆಂಬರ್ 1ರಿಂದ ನೌಕಾಪಡೆ ಗೋವೆಯ ಎದುರು ಗಸ್ತು ಆರಂಭಿಸಿತು. ಆ ಕಾರ್ಯಾಚರಣೆಗೆ ಇಟ್ಟ ಹೆಸರು ‘ಚಟ್ನಿ’. ಹೆಸರಿಟ್ಟವರಿಗೆ ಆಗ ಹಸಿವಾಗಿತ್ತೋ ಏನೋ.

ಡಿಸೆಂಬರ್ 18ರ ಬೆಳಗ್ಗೆ ಮೈಸೂರು ಮತ್ತು ತ್ರಿಶೂಲ್ ದ್ವೀಪದ ಎದುರು ನಿಂತವು. ದೋಣಿಗಳಲ್ಲಿ ದಡಕ್ಕೆ ಹೊರಟವರು ಭೂಸೇನೆಯ ಕಾಲಾಳುಗಳಲ್ಲ, ನಾವಿಕರು. ಹಡಗಿನ ಕೆಲಸಕ್ಕೆ ಪಳಗಿದ ಕೈಗಳಿಗೆ ಬಂದೂಕು ಕೊಟ್ಟು ಬಯಲಿನಲ್ಲಿ ಕಾದಾಡಲು ಕಳಿಸಿದ್ದು ಎಷ್ಟು ಸರಿ ಎಂಬ ಪ್ರಶ್ನೆ ಉಳಿದೇ ಇದೆ. ಮೊದಲ ತಂಡ ನಿರಾತಂಕವಾಗಿ ಇಳಿಯಿತು. ದ್ವೀಪದ ಮೇಲೆ ಬಿಳಿ ಬಾವುಟ ಕಂಡಿತೆಂದು ನೌಕಾಪಡೆಯ ಇತಿಹಾಸ ಹೇಳುತ್ತದೆ. ಆದರೆ ಹಿಂದೆ ಬಂದ ತಂಡದ ಮೇಲೆ ಗುಂಡಿನ ಸುರಿಮಳೆಯಾಯಿತು. ಹಡಗುಗಳ ಫಿರಂಗಿಗಳು ಉತ್ತರ ಕೊಟ್ಟ ಮೇಲೆ, ಮರುದಿನದ ಹೊತ್ತಿಗೆ, ದ್ವೀಪ ಪೂರ್ತಿ ವಶವಾಯಿತು. ನೌಕಾಪಡೆಯ ಏಳು ಮಂದಿ ಮಡಿದರು. ಗೋವೆಯ ವಿಮೋಚನೆಯ ಸಂಭ್ರಮದಲ್ಲಿ ಈ ಏಳು ಜೀವಗಳ ಸುದ್ದಿ ಹಿಂದೆ ಸರಿಯಿತು. ಅವರ ಸ್ಮಾರಕ ಆ ದ್ವೀಪದಲ್ಲೇ ಇದೆ. 2005ರಲ್ಲಿ ಕಾರ್ಯಾರಂಭ ಮಾಡಿದ ಕಾರವಾರದ ಕದಂಬ ನೌಕಾನೆಲೆಗೆ ಈಗ ಅದೇ ದ್ವೀಪ ಅಲೆತಡೆಯ ಒಂದು ಭಾಗ.

1971ರಲ್ಲಿ ಮೈಸೂರು ಪಶ್ಚಿಮ ನೌಕಾಬಳಗದ ಧ್ವಜನೌಕೆ. ರಿಯರ್ ಅಡ್ಮಿರಲ್ ಕುರುವಿಲ್ಲ ಅದರಲ್ಲಿದ್ದರು. ಆದರೆ ಆ ಯುದ್ಧ ದೊಡ್ಡ ಫಿರಂಗಿಗಳದ್ದಾಗಿರಲಿಲ್ಲ. ಡಿಸೆಂಬರ್ 4ರ ರಾತ್ರಿ ಕರಾಚಿಯ ಬಳಿ ಪಾಕಿಸ್ತಾನದ ಡಿಸ್ಟ್ರಾಯರ್ ಖೈಬರ್ ಅನ್ನು ಮುಳುಗಿಸಿದ್ದು ನಿರ್ಘಾತ್ ಎಂಬ ಸಣ್ಣ ಕ್ಷಿಪಣಿ ದೋಣಿ. ಡಿಸೆಂಬರ್ 8ರಂದು ಕರಾಚಿಗೆ ಎರಡನೆಯ ಪೆಟ್ಟು ಬೀಳುವಾಗ ಮೈಸೂರಿನ ಗುಂಪು ಮಕ್ರಾನ್ ಕರಾವಳಿಯ ಕಡೆ ಹೋಗಿ ಮಧುಮತಿ ಎಂಬ ಸರಕುನೌಕೆಯನ್ನು ಹಿಡಿಯಿತು. ಮರುದಿನವೇ ದೀವ್ ಎದುರು ಖುಕ್ರಿ ಮುಳುಗಿ 194 ಮಂದಿ ಸತ್ತರು. ಅಮೆರಿಕ ಎಂಟರ್‌ಪ್ರೈಸ್ ವಿಮಾನವಾಹಕ ನೌಕೆಯನ್ನು ಡಿಸ್ಟ್ರಾಯರುಗಳ ಬೆಂಗಾವಲಿನೊಡನೆ ಬಂಗಾಳ ಕೊಲ್ಲಿಗೆ ಕಳಿಸಿತು. ಗುಂಡು ಮಾತ್ರ ಹಾರಲಿಲ್ಲ.

1973ರಲ್ಲಿ ರಾಜ್ಯ ಕರ್ನಾಟಕವಾಯಿತು. ಹಡಗಿನ ಹೆಸರು ಬದಲಾಗಲಿಲ್ಲ. 1985ರ ಆಗಸ್ಟ್‌ನಲ್ಲಿ ಅದು ನಿವೃತ್ತವಾಯಿತು. ಅದೇ ಹೆಸರಿನ ಎರಡನೆಯ ಹಡಗು ಮುಂಬಯಿಯ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದ್ದು. ಕಾರ್ಗಿಲ್ ಕದನದ ದಿನಗಳಲ್ಲೇ, 1999ರ ಜೂನ್ 2ರಂದು, ಸೇವೆಗೆ ಬಂತು. ಅದು ಡಿಸ್ಟ್ರಾಯರ್. ಆದರೂ ಉದ್ದ 163 ಮೀಟರ್, ಹಳೆಯ ಕ್ರೂಸರಿಗೆ ಹೆಚ್ಚುಕಡಿಮೆ ಸಮ. ಅದರ ಲಾಂಛನ ಗಂಡಭೇರುಂಡ. ಕೋಲಾರದ ಸರ್ಕಾರಿ ಕಚೇರಿಗಳ ಕಾಗದದ ಮೇಲೆ ಇರುವುದೂ ಅದೇ ಹಕ್ಕಿ. 2008ರ ಡಿಸೆಂಬರ್‌ನಲ್ಲಿ ಏಡನ್ ಕೊಲ್ಲಿಯಲ್ಲಿ ಇಥಿಯೋಪಿಯದ ಸರಕುನೌಕೆಯೊಂದರ ಮೇಲೆರಗಿದ 23 ಕಡಲ್ಗಳ್ಳರನ್ನು ಈ ಹಡಗು ಸೆರೆಹಿಡಿಯಿತು. 2011ರಲ್ಲಿ ಲಿಬಿಯಾದಲ್ಲಿ ಸಿಲುಕಿದ ಭಾರತೀಯರನ್ನು ಕರೆತರಲು ಕಳಿಸಿದ ಹಡಗುಗಳಲ್ಲಿ ಇದೂ ಒಂದಾಗಿತ್ತು.